ಮರಿಯಮ್ಮನವರ ಮೂರು ತಿಂಗಳು



ಬಾಣಂತಿ ಮನೆಯಲ್ಲೇ ಇರುತ್ತಾಳಲ್ಲ ಎಂದು ನಾದಿನಿಯ ಮಕ್ಕಳನ್ನೂ ಅವಳ ಬಳಿ ಬಿಟ್ಟುಹೋಗುವುದು ನಮ್ಮಲ್ಲಿ ಸಾಮಾನ್ಯ. ಕೂಲಿಗೆ ಹೋಗುವ ನಾದಿನಿಯ ಕಷ್ಟವೂ ನಿಜ. ಆದರೆ ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ತಾಯಿಗೆ ನಿದ್ದೆಯೇ ಇಲ್ಲ. ಅವಳು ‘ಆಗುವುದಿಲ್ಲ’ ಎಂದರೆ ಅದು ಪಾಪವೇ?

ಗರ್ಭಿಣಿ ಎಲಿಜಬೇತಮ್ಮನವರ ಮನೆಗೆ ಮಾತೆ ಮರಿಯಮ್ಮನವರು ಅವಸರದಿಂದ ಹೋದರು. ಸುಮಾರು ಮೂರು ತಿಂಗಳು ಇದ್ದು ತಮ್ಮ ಮನೆಗೆ ಮರಳಿದರು (ಲೂಕ 1:56). ಅವರ ಉದರದಲ್ಲೂ ಕೂಸಿತ್ತು. ಜಪಸರದಲ್ಲಿ ನಾವು ಹೋದದ್ದನ್ನು ಧ್ಯಾನಿಸುತ್ತೇವೆ, ಮರಳಿದ್ದನ್ನು ಮರೆಯುತ್ತೇವೆ.

‘ಶನಿವಾರ ಮಧ್ಯಾಹ್ನ ನೋಡಿಕೊಳ್ಳುತ್ತೇನೆ, ದಿನಾಲೂ ಆಗದು’ ಎನ್ನುವುದು ಪಾಪವಲ್ಲ. ಗೊಣಗುತ್ತಾ ವಾರವಿಡೀ ನೋಡುವುದಕ್ಕಿಂತ ಮನಸಾರೆ ಒಂದು ಮಧ್ಯಾಹ್ನ ನೋಡಿಕೊಳ್ಳುವುದು ಮೇಲು. ಆ ಮಾತನ್ನು ತನ್ನ ತಂಗಿಗೆ ಹೇಳಬೇಕಾದವನು ಗಂಡನೇ. ಬಾಣಂತಿಯ ತಲೆಗೆ ಅದನ್ನೂ ಕಟ್ಟಬಾರದು.