ಚಿತ್ರದಲ್ಲಿರುವವರನ್ನು ಕೇಳಿದಿರಾ?

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿನ ಗುಡ್ಡದ ಬಂಡೆಯ ಮೇಲೆ ಅಶೋಕನ ಕಿರುಶಾಸನವಿದೆ. ಅದುವರೆಗೆ ಓದಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ದಂಥ ಬಿರುದುಗಳಷ್ಟೇ ಇದ್ದವು. ಬಿರುದಿನ ಜೊತೆಗೇ ಅಶೋಕ ಎಂಬ ಹೆಸರೂ ಕಾಣಿಸಿಕೊಂಡದ್ದು 1915ರಲ್ಲಿ ಬೆಳಕಿಗೆ ಬಂದ ಈ ಬಂಡೆಯಲ್ಲಿ. ಅದನ್ನು ಪತ್ತೆ ಮಾಡಿದವರು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಇತಿಹಾಸಕ್ಕೆ ಹೆಸರು ಮುಖ್ಯವಾಯಿತು, ಸರಿ. ಇವತ್ತಿನ ನಮಗೆ ಆ ಶಾಸನದ ಇನ್ನೊಂದು ಸಂಗತಿಯೂ ಅಷ್ಟೇ ಮುಖ್ಯ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ಕಳೆದಿದೆ, ಮೊದಮೊದಲು ತನ್ನಲ್ಲಿ ಅಂಥ ಶ್ರದ್ಧೆ ಇರಲಿಲ್ಲ ಎಂದು ಚಕ್ರವರ್ತಿಯೊಬ್ಬ ತನ್ನ ಕೊರತೆಯನ್ನು ತಾನೇ ಊರೂರ ಕಲ್ಲುಗಳಲ್ಲಿ ಕೆತ್ತಿಸಿದ್ದಾನೆ. ಹೇಳಿಕೊಂಡದ್ದು ತನ್ನ ಬದುಕನ್ನು. ಹೇಳಿದ್ದು ತನ್ನ ಇಚ್ಛೆಯಿಂದ. ಕಲ್ಲಿಗೆ ಬಿದ್ದದ್ದು ಅಳಿಯುವುದಿಲ್ಲ ಎಂದು ಗೊತ್ತಿದ್ದೇ ಹೇಳಿದ್ದು. ಲೋಕದೆದುರು ಏನನ್ನಾದರೂ ಇಡಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಾಣುವುದಿಲ್ಲ. ನಾವು ದಿನವೂ ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಹಾಕುವುದನ್ನು ಈ ಗೋಲಿನಿಂದ ಅಳೆದರೆ ತಪ್ಪು ಎಲ್ಲಿದೆ ಎಂಬುದು ಕೂಡಲೇ ತಿಳಿಯುತ್ತದೆ. ನಾವು ಹಂಚುವುದರಲ್ಲಿ ದೊಡ್ಡ ಪಾಲು ನಮ್ಮದಲ್ಲ. ಅದು ಮಕ್ಕಳದ್ದು, ರೋಗಿಗಳದ್ದು, ಹೆಂಗಸರದ್ದು, ದಾರಿಹೋಕರದ್ದು. ಅವರನ್ನು ನಾವು ಕೇಳಿರುವುದಿಲ್ಲ.

ಖಾಸಗಿತನ ಕಾಪಾಡಿಕೊಳ್ಳಿ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಪಾಸ್‌ವರ್ಡ್ ಗಟ್ಟಿ ಇರಲಿ, ಓಟಿಪಿ ಯಾರಿಗೂ ಕೊಡಬೇಡಿ, ಪ್ರೊಫೈಲ್‌ಗೆ ಬೀಗ ಹಾಕಿ. ಎಲ್ಲವೂ ಬೇಕಾದ ಮಾತೇ. ಆದರೆ ಈ ಬುದ್ಧಿವಾದದ ಹಿಂದಿರುವುದು ಒಂದೇ ಕಲ್ಪನೆ: ನನ್ನ ಮನೆ, ನನ್ನ ಬೀಗ, ಹೊರಗೊಬ್ಬ ಕಳ್ಳ. ಮನೆಯವರೇ ಬಾಗಿಲು ತೆರೆದು ಒಳಗಿದ್ದವರನ್ನು ಬೀದಿಗೆ ತೋರಿಸುವುದು ಈ ಕಲ್ಪನೆಯೊಳಗೆ ಬರುವುದೇ ಇಲ್ಲ. ತಾಲ್ಲೂಕು ಆಸ್ಪತ್ರೆಯ ಮಂಚವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಜ್ಜಿ ಮಲಗಿದ್ದಾಳೆ, ಕೈಗೆ ಸಲಾಯಿನ್ ಹಚ್ಚಿದ್ದಾರೆ, ಹೊದಿಕೆ ಅರ್ಧ ಸರಿದಿದೆ, ಬಾಯಿ ತೆರೆದಿದೆ. ಮೊಮ್ಮಗ ಫೋಟೊ ತೆಗೆದು ‘ಬೇಗ ಆರಾಮಾಗಲಿ ಅಂತ ಹಾರೈಸಿರಿ’ ಎಂದು ಸ್ಟೇಟಸ್ ಹಾಕುತ್ತಾನೆ. ಅವನ ಪ್ರೀತಿಯಲ್ಲಿ ಎಳ್ಳಷ್ಟೂ ಕಪಟವಿಲ್ಲ. ಆದರೆ ಎಪ್ಪತ್ತು ವರ್ಷ ಯಾರ ಎದುರೂ ತಲೆಯ ಮೇಲಿನ ಸೆರಗು ಜಾರಲು ಬಿಡದ ಹೆಂಗಸು ಅವಳು. ಅವನ ಫೋನಿನಲ್ಲಿ ನಂಬರ್ ಇರುವ ಗೊಬ್ಬರದಂಗಡಿಯವರು, ಟ್ರ್ಯಾಕ್ಟರ್ ಬಾಡಿಗೆಯವರು, ಹಳೆಯ ಸಹಪಾಠಿಗಳು, ಎಲ್ಲರೂ ಅವಳನ್ನು ಆ ಸ್ಥಿತಿಯಲ್ಲಿ ನೋಡಿದರು. ಇಲ್ಲಿ ಯಾವ ಪಾಸ್‌ವರ್ಡೂ ಒಡೆದಿಲ್ಲ, ಯಾವ ಬೀಗವೂ ಮುರಿದಿಲ್ಲ. ಹೋದದ್ದು ಮಾತ್ರ ಅವಳ ಖಾಸಗಿತನವೇ.

ಇದಕ್ಕೆ ಎದ್ದುಬರುವ ಮೊದಲ ಆಕ್ಷೇಪ ನಮ್ಮ ಕಡೆಯದೇ. ಹಳ್ಳಿಯಲ್ಲಿ ಖಾಸಗಿ ಅಂತ ಏನಿದೆ, ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂಬುದು ಅಗಸಿಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತು, ಈ ಖಾಸಗಿತನವೆಂಬುದು ಪಟ್ಟಣದ ಇಂಗ್ಲಿಷ್ ಓದಿದವರ ಹೊಸ ಖಯಾಲಿ ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ, ಪರೀಕ್ಷಿಸಬೇಕು. ಊರಿನ ಹಳೆಯ ಮನೆಯನ್ನೇ ನೋಡಿ. ಅಗಸಿ, ಓಣಿ, ಕಟ್ಟೆ, ತಲೆಬಾಗಿಲು, ಪಡಸಾಲೆ, ಅಡಿಗೆಮನೆ, ದೇವರ ಜಗಲಿ. ಒಂದೊಂದು ಹೊಸ್ತಿಲನ್ನೂ ಯಾರು ದಾಟಬಹುದು, ಎಷ್ಟು ಹೊತ್ತಿಗೆ ದಾಟಬಹುದು ಎಂಬುದಕ್ಕೆ ಲೆಕ್ಕವಿತ್ತು. ಆ ಲೆಕ್ಕದಲ್ಲಿ ಜಾತಿಯ ಕ್ರೌರ್ಯವೂ ಹೆಂಗಸರ ಮೇಲಿನ ಕಟ್ಟುಪಾಡೂ ಸೇರಿದ್ದವು, ಅದನ್ನು ಮರೆತು ಹಳೆಯದನ್ನು ಹೊಗಳಲಾಗದು. ಆದರೂ ಹಿರಿಯರು ಬಾಗಿಲಲ್ಲಿ ಕೆಮ್ಮಿ, ‘ಯಾರದೀರಿ ಮನಿಯಾಗ’ ಎಂದು ಕೂಗಿ, ಉತ್ತರ ಬಂದ ಮೇಲೆ ಒಳಗೆ ಕಾಲಿಡುತ್ತಿದ್ದ ನಡತೆಯ ಅರ್ಥ ಒಂದೇ. ಒಳಗಿರುವವರು ತಮ್ಮನ್ನು ಸರಿಪಡಿಸಿಕೊಳ್ಳಲಿ, ಬೇಡವೆನಿಸಿದರೆ ಬೇಡವೆನ್ನಲಿ. ಒಪ್ಪಿಗೆ ಕೇಳುವುದು ನಮಗೆ ಹೊರಗಿನಿಂದ ಬಂದದ್ದಲ್ಲ.

ಕಟ್ಟೆಯ ಮಾತಿಗೂ ಫೋನಿನ ಮಾತಿಗೂ ಬಹಳ ಅಂತರವಿದೆ. ಕಟ್ಟೆಯಲ್ಲಿ ನನ್ನ ಬಗ್ಗೆ ಮಾತಾಡಿದವನ ಬಗ್ಗೆ ನನಗೂ ಗೊತ್ತಿರುತ್ತದೆ. ಸುಳ್ಳು ಹೇಳಿದರೆ ನಾಳೆ ಬೆಳಿಗ್ಗೆ ಅವನು ನನ್ನ ಮುಖ ನೋಡಬೇಕು. ಮಾತು ಊರಿನ ಸೀಮೆ ದಾಟುವಷ್ಟರಲ್ಲಿ ಸವೆಯುತ್ತದೆ, ಎರಡು ಸುಗ್ಗಿ ಕಳೆದರೆ ಮರೆಯುತ್ತದೆ. ಮರೆವು ಊರು ತನ್ನವರಿಗೆ ತೋರುವ ದೊಡ್ಡ ಕರುಣೆ. ಫೋನಿನಲ್ಲಿ ಮುಖವೂ ಇಲ್ಲ, ಸೀಮೆಯೂ ಇಲ್ಲ, ಮರೆವೂ ಇಲ್ಲ. ಮಸ್ಕಿಯ ಬ್ರಾಹ್ಮಿ ಅಕ್ಷರಗಳನ್ನು ಓದಬಲ್ಲವರಿಲ್ಲದೆ ಆ ಬಂಡೆ ನೂರಾರು ವರ್ಷ ಮಾತಿಲ್ಲದೆ ನಿಂತಿತ್ತು. ಇಂದಿನ ಬಂಡೆಯನ್ನು ಯಂತ್ರವೇ ಓದುತ್ತದೆ, ಹೆಸರು ಹೊಡೆದರೆ ಹತ್ತು ವರ್ಷದ ಹಿಂದಿನದನ್ನೂ ಮುಂದೆ ತಂದಿಡುತ್ತದೆ. ‘ನಮ್ಮನ್ನು ನಮ್ಮಷ್ಟಕ್ಕೆ ಬಿಡಿ’ ಎಂಬ ಹಕ್ಕಿನ ಕುರಿತು ಅಮೆರಿಕದ ವಾರನ್ ಮತ್ತು ಬ್ರಾಂಡೈಸ್ ಎಂಬ ವಕೀಲರು 1890ರಲ್ಲಿ ಬರೆದದ್ದೂ ಇಂಥದೇ ತಿರುವಿನಲ್ಲಿ. ಕ್ಯಾಮೆರಾ ಕ್ಷಣಾರ್ಧದಲ್ಲಿ ಚಿತ್ರ ಹಿಡಿಯತೊಡಗಿತ್ತು, ಪತ್ರಿಕೆಗಳು ಮನೆಯೊಳಗಿನದನ್ನು ಮಾರತೊಡಗಿದ್ದವು. ಇದ್ದ ಮರ್ಯಾದೆಯನ್ನು ಹೊಸ ಉಪಕರಣವೊಂದು ಮುರಿದಾಗಲೇ ಅದಕ್ಕೆ ಹಕ್ಕು ಎಂಬ ಹೆಸರು ಬೇಕಾಗುತ್ತದೆ.

ನಾವು ಬಳಸುವ ಪದದಲ್ಲೂ ಒಂದು ಕತೆಯಿದೆ. ‘ಖಾಸಗಿ’ ಎಂದರೆ ಹಿಂದೆ ಅರಸರ ಸ್ವಂತದ್ದು. ಇಂದೋರಿನ ಹೋಳ್ಕರರ ಮನೆತನದ ಆಸ್ತಿ ‘ಖಾಸಗಿ’ ಎನಿಸಿಕೊಂಡಿತ್ತು. ನಮ್ಮ ಸೀಮೆ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಸ್ವಂತ ಖರ್ಚಿನ ಜಮೀನುಗಳಿಗೆ ‘ಸರ್ಫ್-ಎ-ಖಾಸ್’ ಎಂದು ಹೆಸರಿತ್ತು. ಮುಟ್ಟಬಾರದ್ದೊಂದು ತನ್ನದೆಂದು ಇರುವುದು ದೊರೆಗೆ ಮಾತ್ರ ಸಲ್ಲುವ ಸುಖವಾಗಿತ್ತು. ಆ ಪದ ಕೂಲಿಯವರಿಗೂ ಸಲ್ಲುತ್ತದೆ ಎಂದು ಸಂವಿಧಾನದ ಹೆಸರಿನಲ್ಲಿ ಹೇಳಿಸಿದವರು ಒಬ್ಬ ಕನ್ನಡಿಗರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು. ಸರ್ಕಾರ ನನ್ನ ಖಾಸಗಿತನ ಗೌರವಿಸಬೇಕೆಂದು ಕೇಳುವ ನಾನು ನನ್ನ ಪಕ್ಕದವರ ಖಾಸಗಿತನವನ್ನು ಗೌರವಿಸಬೇಡವೆ?

ಎರಡನೆಯ ಆಕ್ಷೇಪ ಹೆಚ್ಚು ಜನರ ಬಾಯಲ್ಲಿರುವುದು: ತಪ್ಪು ಮಾಡದವನಿಗೆ ಯಾತರ ಅಂಜಿಕೆ? 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ, ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳ ಪಟ್ಟಿಯನ್ನು ನಮ್ಮ ರಾಜ್ಯದಲ್ಲಿ ಸರ್ಕಾರವೇ ಪ್ರಕಟಿಸಿತು. ಅದು ಗುಂಪಿನಿಂದ ಗುಂಪಿಗೆ ಹರಿಯಿತು. ಅವರು ಮಾಡಿದ್ದ ತಪ್ಪು ವಿಮಾನದಿಂದ ಇಳಿದದ್ದು. ಅದಕ್ಕೂ ಮುಂಚಿನ, ನಮಗೆ ಹತ್ತಿರದ ಘಟನೆ ಇನ್ನೂ ಘೋರ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿಯೊಂದಿಗೆ ಅವರ ದೃಶ್ಯ ವಾಟ್ಸ್‌ಆ್ಯಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ದಾರಿಗೆ ಅಡ್ಡ ಹಾಕಿದ ಗುಂಪು ಹೊಡೆದು ಒಬ್ಬ ಎಂಜಿನಿಯರ್‌ನ ಪ್ರಾಣ ತೆಗೆಯಿತು. ಇದನ್ನು ಸುಳ್ಳು ಸುದ್ದಿಯ ಪ್ರಕರಣವೆಂದಷ್ಟೇ ನೆನೆಯುತ್ತೇವೆ. ಆದರೆ ಸುಳ್ಳಿಗೆ ಕಾಲು ಬಂದದ್ದು ಅಪರಿಚಿತರ ಮುಖವನ್ನು ಅವರನ್ನು ಕೇಳದೆ ಹರಿಬಿಟ್ಟದ್ದರಿಂದ. ಅಂಜಿಕೆಗೂ ತಪ್ಪಿಗೂ ಸಂಬಂಧವಿಲ್ಲ. ನನ್ನನ್ನು ನೋಡುವವನ ಮನಸ್ಸಿನಲ್ಲಿ ಏನಿದೆ ಎಂಬುದು ನನ್ನ ಕೈಯಲ್ಲಿಲ್ಲವಲ್ಲ, ಅಂಜಿಕೆ ಇರುವುದು ಅಲ್ಲಿ.

ಬಡವರ ಮಟ್ಟಿಗೆ ಈ ಅಂಜಿಕೆ ಹೊಟ್ಟೆಪಾಡಿನದೂ ಹೌದು. ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾಗಿಲ್ಲ, ಬೆಳೆ ವಿಮೆ ಬಂದಿಲ್ಲ ಎಂದಾಗ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಎರಡನ್ನೂ ಫೋಟೊ ಹೊಡೆದು ‘ಅಣ್ಣಾ, ಏನಾಗೇದ ನೋಡು’ ಎಂದು ಇನ್ನೂರು ಜನರ ಗುಂಪಿಗೆ ಹಾಕುವುದು ಎಲ್ಲೆಡೆ ನಡೆಯುತ್ತಿದೆ. ಬಹಳ ಸಲ ಅದು ಹಾಕಿದವರ ಕಾರ್ಡೂ ಅಲ್ಲ. ಅವ್ವನದು, ಅತ್ತಿಗೆಯದು, ಓದು ಬಾರದ ನೆರೆಮನೆಯವಳದು. ಬ್ಯಾಂಕಿನ ಹೆಸರು, 12 ಅಂಕಿ, ಬೆರಳಚ್ಚು ಇದ್ದರೆ ಆಧಾರ್ ಮೂಲಕ ಹಣ ತೆಗೆಯಬಹುದು. ಫೋಟೊದಿಂದ ಮೊದಲೆರಡು ಸಿಕ್ಕೇ ಬಿಟ್ಟವು. ಸಹಾಯ ಕೇಳುವುದು ತಪ್ಪಲ್ಲ. ಒಬ್ಬರಿಗೆ ಕಳಿಸುವುದನ್ನು ಇನ್ನೂರು ಜನರಿಗೆ ಕಳಿಸುವುದು ತಪ್ಪು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರನ್ನು ಆಧಾರ್ ಪ್ರಾಧಿಕಾರದ ಜಾಲತಾಣವೇ ಕೊಡುತ್ತದೆ. ಇನ್ನು ಗುಳೆಯ ಮಾತು. ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿರುವ ತಾಯಿಗೆ ಊರಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಮಗುವಿನ ಮುಖ ಕಾಣುವುದು ಫೋನಿನಲ್ಲೇ. ಆ ಚಿತ್ರ ಅವಳಿಗೆ ಊಟದಷ್ಟೇ ಅಗತ್ಯ. ಹಂಚಲೇಬೇಡಿ ಎಂದು ನಾನು ಹೇಳುವವನಲ್ಲ. ತಾಯಿಯ ನಂಬರಿಗೆ ಹೋದ ಚಿತ್ರ ಒಂದು, ಅದೇ ಚಿತ್ರ ‘ಅಪ್ಪ ಅವ್ವ ಬೆಂಗಳೂರಾಗ’ ಎಂಬ ಸಾಲಿನೊಂದಿಗೆ ಎಲ್ಲರಿಗೂ ತೆರೆದ ಖಾತೆಗೆ ಹೋದರೆ ಇನ್ನೊಂದು. ಮನೆಯಲ್ಲಿ ಮುದುಕಿ, ಮಗು ಇಬ್ಬರೇ ಎಂದು ಅದು ಸಾರಿಬಿಡುತ್ತದೆ.

ಮೂರನೆಯ ಆಕ್ಷೇಪವೇ ನಿಜಕ್ಕೂ ಗಟ್ಟಿ. ಖಾಸಗಿತನ ಎಂಬ ಪರದೆಯ ಹಿಂದೆ ಬಲಿಷ್ಠರು ಅಡಗುತ್ತಾರೆ, ಹೆಂಡತಿಯನ್ನು ಹೊಡೆಯುವವನೂ ‘ಇದು ನಮ್ಮ ಮನೆ ವಿಷಯ’ ಎನ್ನುತ್ತಾನೆ, ಹಂಚಿದಾಗಲೇ ಅನ್ಯಾಯ ಬಯಲಾಗುವುದು. ನಿಜ. ಲಂಚ ಕೇಳುವ ಅಧಿಕಾರಿಯ ದೃಶ್ಯ ಹೊರಬಂದರೆ ಅವನ ಖಾಸಗಿತನ ಹೋಯಿತೆಂದು ಮರುಗಬೇಕಿಲ್ಲ. ಸರ್ಕಾರಿ ಕುರ್ಚಿಯಲ್ಲಿ ಮಾಡಿದ ಕೆಲಸ ಯಾರ ಖಾಸಗಿಯೂ ಅಲ್ಲ. ಆದರೆ ಬಯಲು ಮಾಡುವ ಹುಮ್ಮಸ್ಸಿನಲ್ಲಿ ಯಾರು ಬಯಲಾದರು ಎಂಬುದನ್ನು ಹಾಸನದಲ್ಲಿ ಕಂಡೆವು. 2024ರ ಏಪ್ರಿಲ್‌ನಲ್ಲಿ, ಲೋಕಸಭೆಯ ಮತದಾನಕ್ಕೆ ಮುಂಚೆ, ಬಲಿಷ್ಠ ರಾಜಕಾರಣಿಯೊಬ್ಬನ ಲೈಂಗಿಕ ದೌರ್ಜನ್ಯದ್ದೆನ್ನಲಾದ ದೃಶ್ಯಗಳಿದ್ದ ಪೆನ್‌ಡ್ರೈವ್‌ಗಳು ಊರೆಲ್ಲ ಹಂಚಿಕೆಯಾದವು. ಅವುಗಳಲ್ಲಿದ್ದ ಹೆಂಗಸರ ಮುಖವನ್ನು ಮರೆಮಾಡಿರಲಿಲ್ಲ. ಬಲಿಷ್ಠನ ವಿರುದ್ಧ ಎಂದುಕೊಂಡು ಫಾರ್ವರ್ಡ್ ಮಾಡಿದ ಪ್ರತಿ ಬೆರಳೂ ಆ ಹೆಂಗಸರನ್ನು ಇನ್ನೊಮ್ಮೆ ಬೀದಿಗೆ ಎಳೆಯಿತು. ಅಂಥ ದೃಶ್ಯ ಹಂಚುವುದೇ ಅಪರಾಧ ಎಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. 2025ರ ಆಗಸ್ಟ್‌ನಲ್ಲಿ ಒಂದು ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು ದೂರು ಕೊಡುವ ಧೈರ್ಯ ಮಾಡಿದ ಒಬ್ಬ ಮಹಿಳೆಯಿಂದ, ತನಿಖೆಯಿಂದ, ಸಾಕ್ಷ್ಯದಿಂದ. ಪೊಲೀಸರ ಕೈಗೆ ಒಂದು ಪ್ರತಿ ಸಾಕಿತ್ತು. ಊರಿನ ಫೋನುಗಳಿಗೆಲ್ಲ ಅದು ಬೇಕಿರಲಿಲ್ಲ. ಬಾಲ್ಯವಿವಾಹದ ಸುಳಿವು ಸಿಕ್ಕರೆ, ಮಗುವೊಂದು ತೊಂದರೆಯಲ್ಲಿರುವುದು ಕಂಡರೆ 1098ಕ್ಕೆ ಹೇಳಬೇಕು. ಆ ಮಗುವಿನ ಮುಖವನ್ನು ಗುಂಪಿಗೆ ಹಾಕಿದವರು ಸಹಾಯ ಮಾಡಿದಂತಾಗುವುದಿಲ್ಲ.

ಕಾನೂನು ನೋಡಿಕೊಳ್ಳಲಿ ಎಂದು ಕೂರುವುದೂ ಆಗದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಪ್ರಕಟಿಸುವುದನ್ನು ಕಾನೂನು ತಡೆಯುತ್ತದೆ. 2017ರ ಜನವರಿಯಲ್ಲಿ ನಮ್ಮ ಹೈಕೋರ್ಟು, ಅಂತರ್ಜಾಲದ ಹುಡುಕಾಟದಲ್ಲಿ ಒಬ್ಬ ಮಹಿಳೆಯ ಹೆಸರು ಹಳೆಯ ಪ್ರಕರಣದೊಡನೆ ಸಿಗದಂತೆ ನೋಡಿಕೊಳ್ಳಲು ತನ್ನ ಕಚೇರಿಗೇ ಹೇಳಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ತೆರೆದು ನೋಡಿ. ಒಬ್ಬ ವ್ಯಕ್ತಿ ತನ್ನ ವೈಯಕ್ತಿಕ ಅಥವಾ ಮನೆಮಟ್ಟದ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ತಾನೇ ಸಾರ್ವಜನಿಕಗೊಳಿಸಿದ ಮಾಹಿತಿಗೂ ಇಲ್ಲ. ಕಂಪನಿಗಳಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಲ್ಲ ಕಾಯ್ದೆ ಅಜ್ಜಿಯ ಮಂಚದ ಬಳಿ ಬರಲಾರದು. ಮನೆಮನೆಯ ಫೋನಿಗೂ ಪೊಲೀಸರನ್ನು ಕರೆತರುವ ಕಾಯ್ದೆ ನನಗೆ ಬೇಕಿಲ್ಲ, ಅದು ಇನ್ನೊಂದು ಬಗೆಯ ಇಣುಕು. ಹಾಗಾಗಿ ಈ ಜಾಗದಲ್ಲಿ ಕಾವಲಿಗೆ ಉಳಿದಿರುವವರು ಫೋಟೊ ತೆಗೆದವರೇ.

‘ನನ್ನ ಮಗು, ನನ್ನ ಸಂತೋಷ, ಕೇಳಲು ನೀನ್ಯಾರು’ ಎನ್ನುವ ತಂದೆತಾಯಿಗೆ ಹೇಳಬೇಕಾದದ್ದೂ ಇದೇ. ಮಗು ನಿಮ್ಮ ಆರೈಕೆಯಲ್ಲಿದೆ, ನಿಮ್ಮ ಆಸ್ತಿಯಲ್ಲ. ಮಕ್ಕಳ ಚಿತ್ರದ ಹಕ್ಕನ್ನು ತಂದೆತಾಯಿ ಮಗುವಿನ ಪರವಾಗಿ, ಅದರ ಅಭಿಪ್ರಾಯವನ್ನೂ ಕೇಳಿ ಕಾಪಾಡಬೇಕೆಂದು ಫ್ರಾನ್ಸ್ 2024ರಲ್ಲಿ ಕಾನೂನನ್ನೇ ಮಾಡಿತು. ನಾವು ಅದಕ್ಕೆ ಕಾಯಬೇಕಿಲ್ಲ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದದ್ದು, ಸ್ನಾನದ ಹೊತ್ತಿನ ಚಿತ್ರ, ಅತ್ತ ಮುಖ, ಶಾಲೆಯ ಹೆಸರಿರುವ ಯೂನಿಫಾರ್ಮು, ಇವೆಲ್ಲ ಆ ಮಗು ದೊಡ್ಡದಾದಾಗ ಅದರ ಜೊತೆಗೇ ಇರುತ್ತವೆ. ತನ್ನ ಬಗ್ಗೆ ಬಂಡೆಯ ಮೇಲೆ ಏನು ಕೆತ್ತಿಸಬೇಕೆಂದು ಅಶೋಕ ತಾನೇ ನಿರ್ಧರಿಸಿದ. ಹಟ್ಟಿಯ ಗಣಿ ಕಾರ್ಮಿಕನ ಮಗಳಿಗೂ, ಮುದಗಲ್ಲಿನ ಬಳೆಗಾರನ ಮಗನಿಗೂ ಆ ಹಕ್ಕು ಅಷ್ಟೇ ಇದೆ. ಮುಂದಿನ ಸಲ ಫೋಟೊ ಹಾಕುವ ಮುಂಚೆ ಫೋನನ್ನು ಮಗುವಿನ ಕಡೆ ತಿರುಗಿಸಿ ತೋರಿಸಿ, ಹಾಕಲೇ ಎಂದು ಕೇಳಿ. ಏಳೆಂಟು ವರ್ಷದ ಮಗು ಬೇಡ ಎನ್ನಬಲ್ಲದು. ಬೇಡ ಎಂದರೆ ದಯವಿಟ್ಟು ಹಾಕಬೇಡಿ.