ಗುರುವಿಗೇ ತಿರುಮಂತ್ರ

‘ಗುರುವಿಗೇ ತಿರುಮಂತ್ರ’ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಗದರುವ ದನಿಯಲ್ಲೇ ಆಡುತ್ತೇವೆ. ಕಲಿಸಿದವರ ವಿದ್ಯೆಯನ್ನು ಅವರ ಮೇಲೇ ಪ್ರಯೋಗಿಸಿದ ಶಿಷ್ಯ ಅಧಿಕಪ್ರಸಂಗಿ ಎಂಬ ಭಾವ ಅದರಲ್ಲಿದೆ. ಆದರೆ ಮಂತ್ರವನ್ನು ತಿರುಗಿಸಬೇಕಾದರೆ ಮೊದಲು ಅದು ಕೈವಶವಾಗಿರಬೇಕಲ್ಲವೇ? ಬಾಯಿಪಾಠ ಮಾಡಿದವನು ಪಾಠ ಒಪ್ಪಿಸಿ ಕೂರುತ್ತಾನೆ. ತಿರುಗಿಸುವ ಶಕ್ತಿ ಇರುವುದು ಕಲಿತದ್ದನ್ನು ತನ್ನದಾಗಿಸಿಕೊಂಡವನಿಗೆ. ಗಣಿತದ ತರಗತಿಯಲ್ಲಿ ಈ ಗಾದೆಯನ್ನು ಹೀಗೆಯೇ ಓದಬೇಕು.

1990ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಡೆಬೊರಾ ಬಾಲ್ ಎಂಬ ಶಿಕ್ಷಕಿ ಮೂರನೇ ತರಗತಿಗೆ ಸಮ ಸಂಖ್ಯೆ, ಬೆಸ ಸಂಖ್ಯೆಯ ಪಾಠ ಮಾಡುತ್ತಿದ್ದರು. ಅವರ ಬರಹದಲ್ಲಿ ಷಾನ್ ಎಂಬ ಹೆಸರಿನಿಂದ ಬರುವ ಹುಡುಗ, ಆರು ಸಮವೂ ಹೌದು, ಬೆಸವೂ ಹೌದು ಎಂದ. ಆರರಲ್ಲಿ ಎರಡರ ಗುಂಪುಗಳು ಮೂರಿವೆ, ಮೂರು ಬೆಸ ಎಂಬುದು ಅವನ ವಾದ.

ಆರು ಹುಣಸೆ ಬೀಜ ಹರಡಿಕೊಂಡು ನೋಡಿ. ಎರಡೆರಡಾಗಿ ಜೋಡಿಸಿದರೆ ಒಂದೂ ಉಳಿಯದು, ಹಾಗಾಗಿ ಆರು ಸಮ. ಪಠ್ಯಪುಸ್ತಕದ ಪಾಠ ಇಲ್ಲಿಗೆ ಮುಗಿಯುತ್ತದೆ. ಷಾನ್ ಮಾತ್ರ ಆ ಜೋಡಿಗಳನ್ನೇ ಎಣಿಸಿದ್ದ. ಆರಕ್ಕೆ ಮೂರು ಜೋಡಿ, ಎಂಟಕ್ಕೆ ನಾಲ್ಕು, ಹತ್ತಕ್ಕೆ ಐದು. ಸಮ ಸಂಖ್ಯೆಗಳಲ್ಲೇ ಎರಡು ಪಂಗಡಗಳಿರುವುದು ಎದ್ದು ಕಾಣುತ್ತದೆ. ಜೋಡಿ ಮಾಡುವ ಮಂತ್ರ ತರಗತಿಯದೇ. ಹುಡುಗ ಅದನ್ನು ಇನ್ನೊಂದು ಸಲ ಪ್ರಯೋಗಿಸಿದ, ಅಷ್ಟೆ.

‘ತಪ್ಪು, ಕೂತ್ಕೋ’ ಎಂದು ಪಾಠ ಮುಂದುವರಿಸಬಹುದಿತ್ತು. ಬಾಲ್ ಹಾಗೆ ಮಾಡದೆ ವಾದಕ್ಕೆ ಅವಕಾಶ ಕೊಟ್ಟರು. ಒಬ್ಬ ಹುಡುಗಿ ಎದ್ದು, ಹಾಗಾದರೆ ಹತ್ತೂ ಹೀಗೇ ಆಗುತ್ತದಲ್ಲ ಎಂದಳು. ಷಾನ್‌ಗೆ ಹತ್ತು ಹೊಳೆದಿರಲಿಲ್ಲ. ನೆನಪಿಸಿದ್ದಕ್ಕೆ ಧನ್ಯವಾದ ಹೇಳಿ ಅದನ್ನೂ ಸೇರಿಸಿಕೊಂಡ. ಹೀಗೇ ಹೋದರೆ ಎಲ್ಲ ಸಂಖ್ಯೆಗಳೂ ಸಮವೂ ಬೆಸವೂ ಆಗಿ, ಆ ಹೆಸರುಗಳಿಗೇ ಅರ್ಥವಿರುವುದಿಲ್ಲ ಎಂದು ಅವಳು ಪಟ್ಟುಹಿಡಿದಳು. ಎಂಟೊಂಬತ್ತು ವರ್ಷದ ಮಕ್ಕಳು ವ್ಯಾಖ್ಯೆ ಏಕೆ ಬೇಕು ಎಂಬ ಪ್ರಶ್ನೆಯನ್ನು ತಾವಾಗಿಯೇ ಮುಟ್ಟಿದ್ದರು. ಯಾವುದನ್ನು ಸಮ ಎನ್ನುತ್ತೇವೆ, ಯಾವುದನ್ನು ಬೆಸ ಎನ್ನುತ್ತೇವೆ ಎಂಬುದನ್ನು ಅವರೇ ಬಾಯಿಬಿಟ್ಟು ಹೇಳಬೇಕಾಯಿತು.

ಕೊನೆಗೆ 2, 6, 10, 14, 18 ಎಂದು ಸಾಗುವ ಆ ಪಂಗಡಕ್ಕೆ ತರಗತಿಯಲ್ಲಿ ‘ಷಾನ್ ಸಂಖ್ಯೆಗಳು’ ಎಂಬ ಹೆಸರೇ ಬಿತ್ತು. ಇದರಿಂದ ಮಕ್ಕಳಿಗೆ ಗೊಂದಲವಾದರೆ ಎಂಬ ಅಳುಕು ಶಿಕ್ಷಕಿಗಿತ್ತು. ಆಮೇಲೆ ಕೊಟ್ಟ ಕಿರುಪರೀಕ್ಷೆಯಲ್ಲಿ ಒಬ್ಬರೂ 90ನ್ನು ಸಮ ಮತ್ತು ಬೆಸ ಎರಡೂ ಸೇರುವ ಜಾಗದಲ್ಲಿ ಬರೆದಿರಲಿಲ್ಲ. 90 ಷಾನ್ ಸಂಖ್ಯೆಯೇ, ಅದರಲ್ಲಿ 45 ಜೋಡಿಗಳಿವೆ. ಆದರೂ ಅದು ಸಮ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. 1993ರ ಲೇಖನದಲ್ಲಿ ಬಾಲ್ ಇದನ್ನೆಲ್ಲ ದಾಖಲಿಸಿದ್ದಾರೆ.

ಹುಡುಗ ಕಂಡದ್ದು ಪೊಳ್ಳಲ್ಲ. ಸುಮಾರು ಕ್ರಿ.ಶ. 100ರ ಹೊತ್ತಿನ ಗ್ರೀಕ್ ಗಣಿತಜ್ಞ ನಿಕೊಮೇಕಸ್ ಸಮ ಸಂಖ್ಯೆಗಳನ್ನು ವಿಂಗಡಿಸುವಾಗ, ಒಮ್ಮೆ ಅರ್ಧ ಮಾಡಿದೊಡನೆ ಬೆಸವಾಗುವವನ್ನು ಬೇರೆಯೇ ಪಂಗಡ ಮಾಡಿದ್ದ. ಈ ಸಂಖ್ಯೆಗಳಿಗೆ ಇನ್ನೊಂದು ಗುಣವೂ ಉಂಟು. ಉಳಿದ ಸಮ ಸಂಖ್ಯೆಗಳನ್ನು ಮೊದಲು ನೋಡಿ: 8 ಎಂದರೆ 9ರಲ್ಲಿ 1 ಕಳೆದದ್ದು, 12 ಎಂದರೆ 16ರಲ್ಲಿ 4 ಕಳೆದದ್ದು. ಎರಡೂ ವರ್ಗಸಂಖ್ಯೆಗಳ ವ್ಯತ್ಯಾಸ. 6, 10, 14ನ್ನು ಹೀಗೆ ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಎಷ್ಟು ಹೆಣಗಿದರೂ ಆಗದು. ವರ್ಷಗಟ್ಟಲೆ ಸಮ–ಬೆಸ ಕಲಿಸುವವರು ಕೇಳುವುದು ‘ಏನಾದರೂ ಉಳಿಯಿತೇ?’ ಎಂಬ ಒಂದೇ ಪ್ರಶ್ನೆ. ‘ಜೋಡಿ ಎಷ್ಟಾಯಿತು?’ ಎಂದೂ ಕೇಳಬಹುದೆಂದು ತೋರಿಸಿಕೊಟ್ಟದ್ದು ಮೂರನೇ ತರಗತಿಯ ಹುಡುಗ.

ನಮ್ಮಲ್ಲೂ ಶಿಷ್ಯರು ತಿರುಮಂತ್ರ ಹೇಳುತ್ತಲೇ ಇರುತ್ತಾರೆ. ಪೋರ್ಷನ್ ಮುಗಿಸುವ ಆತುರದಲ್ಲಿ ಅದು ತರಲೆಯಂತೆ ಕೇಳಿಸುತ್ತದೆ. ಅದರಲ್ಲಿ ಎಷ್ಟೋ ಬರಿಯ ತಪ್ಪುಗಳೇ ಇರಬಹುದು. ಯಾವುದು ತಪ್ಪು, ಯಾವುದು ಹೊಸ ದಾರಿ ಎಂದು ಮುಂಚೆಯೇ ಗೊತ್ತಾಗುವ ಉಪಾಯ ಯಾವ ಗುರುವಿಗೂ ಇಲ್ಲ. ‘ಹೇಗೆ ಹೇಳ್ತೀಯಪ್ಪಾ?’ ಎಂದು ಕೇಳಿ, ಮಗು ಹೇಳಿ ಮುಗಿಸುವವರೆಗೂ ತಾಳಿಕೊಳ್ಳಬೇಕು. ಅಷ್ಟು ತಾಳ್ಮೆಯಿದ್ದರೆ ತಿರುಗಿ ಬಂದ ಮಂತ್ರದಿಂದ ಗುರುವಿನ ವಿದ್ಯೆಯೂ ಬೆಳೆಯುತ್ತದೆ.