ವಂಶವಾಹಿಯ ‘ಕಾರ್ಯ’ ಎಂದರೇನು?

ವಂಶವಾಹಿಯೊಂದು ಇಂಥ ಕೆಲಸಕ್ಕಾಗಿ ಇದೆ ಎಂದು ಜೀವವಿಜ್ಞಾನ ದಿನವೂ ಹೇಳುತ್ತದೆ. ಆದರೆ ಜೀವಕೋಶದೊಳಗೆ ಗುರಿ ಇಟ್ಟುಕೊಂಡು ದುಡಿಯುವವರು ಯಾರೂ ಇಲ್ಲ. ಉದ್ದೇಶವೇ ಇಲ್ಲದ ಕಡೆ ‘ಕಾರ್ಯ’ ಇರುವುದು ಹೇಗೆ ಎಂಬುದು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ. ಮಾನವನ 9ನೇ ವರ್ಣತಂತುವಿನಲ್ಲಿರುವ ಪಿಎಲ್‌ಎಎ ಎಂಬ ವಂಶವಾಹಿ ಈ ಪ್ರಶ್ನೆಗೆ ಒಳ್ಳೆಯ ಒರೆಗಲ್ಲು.

ಜೇನುನೊಣದ ವಿಷದಲ್ಲಿರುವ ಮೆಲಿಟಿನ್, ಫಾಸ್ಫೊಲೈಪೇಸ್ ಎ2 ಎಂಬ ಕಿಣ್ವವನ್ನು ಕೆರಳಿಸುತ್ತದೆ. ಈ ಕಿಣ್ವ ಕೋಶಪೊರೆಯ ಕೊಬ್ಬನ್ನು ಸೀಳಿ, ಉರಿಯೂತದ ರಾಸಾಯನಿಕಗಳಿಗೆ ಬೇಕಾದ ಅರಾಕಿಡೋನಿಕ್ ಆಮ್ಲವನ್ನು ಬಿಡುಗಡೆ ಮಾಡುತ್ತದೆ. ಮೆಲಿಟಿನ್‌ಗೆ ಅಂಟಿಕೊಳ್ಳುವ ಪ್ರತಿಕಾಯಗಳ ನೆರವಿನಿಂದ ಪಿಎಲ್‌ಎಎ ಪ್ರೋಟೀನ್ ಪತ್ತೆಯಾಯಿತು. ಹೀಗಾಗಿ ಕಿಣ್ವವನ್ನು ಚುರುಕುಗೊಳಿಸುವುದೇ ಇದರ ಕಾರ್ಯವೆಂದು ದಾಖಲಾಯಿತು, ಹೆಸರೂ ಅದರಿಂದಲೇ ಬಂತು.

ಮುಂದಿನ ಸಂಶೋಧನೆ ಬೇರೊಂದು ಚಿತ್ರ ಕೊಟ್ಟಿತು. ಅದರ ನಡುವೆ ಇರುವುದು ಯುಬಿಕ್ವಿಟಿನ್ ಎಂಬ, 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಬೇಡವಾದ ಪ್ರೋಟೀನುಗಳಿಗೆ ಇದು ಅಂಟಿಕೊಂಡರೆ ಕೋಶ ಅವನ್ನು ಒಡೆದುಹಾಕುತ್ತದೆ. ಈ ವಿಲೇವಾರಿಯ ಬಗೆಯನ್ನು ಕಂಡುಹಿಡಿದ ಚೀಚನೋವರ್, ಹರ್ಶ್ಕೋ ಮತ್ತು ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಪಿಎಲ್‌ಎಎ ಪ್ರೋಟೀನಿನ ಒಂದು ಭಾಗ ಯುಬಿಕ್ವಿಟಿನ್ ಅನ್ನು ಹಿಡಿಯುತ್ತದೆ. ತುದಿಯ ಭಾಗ, ಯುಬಿಕ್ವಿಟಿನ್ ಅಂಟಿದ ಪ್ರೋಟೀನುಗಳನ್ನು ಎಳೆದು ಬಿಡಿಸುವ ಪಿ97 ಎಂಬ ಯಂತ್ರಕ್ಕೆ ಕೂಡಿಕೊಳ್ಳುತ್ತದೆ. ಯೀಸ್ಟ್‌ನಲ್ಲಿ ಪಿಎಲ್‌ಎಎಯ ಜೋಡಿಯಾದ ಡಿಒಎ1 ಇಲ್ಲವಾದರೆ ಕೋಶದಲ್ಲಿ ಯುಬಿಕ್ವಿಟಿನ್ ಬರಿದಾಗುತ್ತದೆ. ಕೋಶದ ತ್ಯಾಜ್ಯ ಅರಗಿಸುವ ಲೈಸೋಸೋಮುಗಳು ಒಡೆದಾಗ ಅವುಗಳ ವಿಲೇವಾರಿಯಲ್ಲೂ ಪಿಎಲ್‌ಎಎ ಪಾಲ್ಗೊಳ್ಳುತ್ತದೆಂದು 2017ರಲ್ಲಿ ತಿಳಿದುಬಂತು.

ಹಾಗಾದರೆ ಇದರ ನಿಜವಾದ ಕಾರ್ಯ ಯಾವುದು? ತತ್ತ್ವಜ್ಞಾನಿಗಳು ಎರಡು ಉತ್ತರ ಕೊಟ್ಟಿದ್ದಾರೆ. ಲ್ಯಾರಿ ರೈಟ್ 1973ರಲ್ಲಿ ಹೇಳಿದಂತೆ, ಒಂದು ಅಂಗ ಇಂದಿಗೂ ಉಳಿದಿರುವುದು ಯಾವ ಪರಿಣಾಮದ ದೆಸೆಯಿಂದಲೋ ಅದೇ ಅದರ ಕಾರ್ಯ. ಹೃದಯ ರಕ್ತ ಹರಿಸುತ್ತದೆ, ಲಬ್‌ಡಬ್ ಸದ್ದನ್ನೂ ಮಾಡುತ್ತದೆ. ಅದು ಉಳಿದಿರುವುದು ರಕ್ತ ಹರಿಸುವುದರಿಂದ, ಸದ್ದಿನಿಂದಲ್ಲ. ರಾಬರ್ಟ್ ಕಮಿನ್ಸ್ 1975ರಲ್ಲಿ ಚರಿತ್ರೆಯನ್ನು ಬದಿಗಿಟ್ಟರು: ದೊಡ್ಡ ವ್ಯವಸ್ಥೆಯೊಂದರ ಸಾಮರ್ಥ್ಯಕ್ಕೆ ಒಂದು ಭಾಗ ಸಲ್ಲಿಸುವ ಕಾಣಿಕೆಯೇ ಅದರ ಕಾರ್ಯ.

ರೈಟ್ ಅವರ ದಾರಿಯಲ್ಲಿ ನಡೆದರೆ ಯುಬಿಕ್ವಿಟಿನ್ ನಿರ್ವಹಣೆಯ ಪಕ್ಷ ಬಲವಾಗುತ್ತದೆ. ಯೀಸ್ಟ್ ಮತ್ತು ಮನುಷ್ಯ ಎರಡರಲ್ಲೂ ಉಳಿದುಬಂದಿರುವ ಕೆಲಸ ಅದು. ಕಮಿನ್ಸ್ ಅವರ ದಾರಿಯಲ್ಲಿ ಉತ್ತರ ಒಂದೇ ಆಗಿರಬೇಕಿಲ್ಲ. ಉರಿಯೂತವನ್ನು ವಿವರಿಸುವವರಿಗೆ ಕಿಣ್ವದ ಚುರುಕು ಮುಖ್ಯ, ಕೋಶದ ಶುದ್ಧಿಯನ್ನು ವಿವರಿಸುವವರಿಗೆ ಪಿ97 ಜೊತೆಗಿನ ನಂಟು ಮುಖ್ಯ.

ಈ ಭೇದ ಬರೀ ತರ್ಕದ ಮಾತಲ್ಲ. ಪಿಎಲ್‌ಎಎಯ ಎರಡೂ ಪ್ರತಿಗಳಲ್ಲಿ ದೋಷವಿರುವ ಶಿಶುಗಳಲ್ಲಿ ಅಪಸ್ಮಾರ, ಸ್ನಾಯುಗಳ ಬಿಗಿತ ಮತ್ತು ಮಿದುಳಿನ ಬೆಳವಣಿಗೆಯ ತೀವ್ರ ಕುಂಠನ ಕಂಡುಬರುತ್ತದೆಂದು 2017ರಲ್ಲಿ ವರದಿಯಾಯಿತು. ಹಾಗೆಂದು ಇದನ್ನು ‘ಮಿದುಳು ಬೆಳೆಸುವ ವಂಶವಾಹಿ’ ಎನ್ನುವುದು ಸರಿಯಲ್ಲ. ನರತಂತುಗಳ ಸಂಧಿಯಲ್ಲಿ ಪ್ರೋಟೀನುಗಳ ವಿಲೇವಾರಿ ಕೆಡುವುದರ ಫಲ ಮಿದುಳಿನಲ್ಲಿ ಎದ್ದು ಕಾಣುತ್ತದೆ, ಅಷ್ಟೆ. ಕೆಟ್ಟಾಗ ಆಗುವ ಹಾನಿ ಕಾರ್ಯದ ಸುಳಿವು ಕೊಡುತ್ತದೆ, ಆದರೆ ಹಾನಿಯೇ ಕಾರ್ಯದ ವಿವರಣೆಯಾಗದು.

ಇಲ್ಲಿ ‘ದೋಷ’ ಎನ್ನಬೇಕಾದರೂ ಪ್ರೋಟೀನು ಮಾಡಬೇಕಿದ್ದ ಕೆಲಸವೊಂದು ಇತ್ತೆಂದು ಒಪ್ಪಲೇಬೇಕು. ಆ ‘ಬೇಕಿದ್ದ’ಕ್ಕೆ ರೈಟ್ ಚರಿತ್ರೆಯ ಆಧಾರ ಒದಗಿಸುತ್ತಾರೆ, ಕಮಿನ್ಸ್ ಅವರ ನಿಲುವಿನಲ್ಲಿ ಅದು ಸುಲಭವಾಗಿ ಸಿಗದು. ಆದರೆ ಕೆಟ್ಟದ್ದು ಎಲ್ಲಿ, ಹೇಗೆ ಎಂದು ತಿಳಿಯಲು, ಅದರಿಂದ ಚಿಕಿತ್ಸೆಯ ದಾರಿ ಹುಡುಕಲು, ಕಮಿನ್ಸ್ ಅವರ ವಿಶ್ಲೇಷಣೆಯೇ ಬೇಕು. ಒಂದು ಉತ್ತರ ಇನ್ನೊಂದನ್ನು ಅಳಿಸುವುದಿಲ್ಲ. ಕಾರ್ಯವೆಂಬುದು ವಂಶವಾಹಿಯೊಳಗೆ ಅಡಗಿರುವ ಗುಣವಲ್ಲ. ಜೀವಿಯ ಚರಿತ್ರೆಯೊಡನೆ, ಇಡೀ ಕೋಶದೊಡನೆ ಅದಕ್ಕಿರುವ ಸಂಬಂಧ. ಯಾವ ಸಂಬಂಧದ ಮಾತೆಂದು ಹೇಳದೆ ‘ಇದರ ಕಾರ್ಯ ಇದು’ ಎಂದರೆ ಉತ್ತರ ಅರ್ಧವೇ ಉಳಿಯುತ್ತದೆ.